ಮಲಾವಿಯ ಶೇಂಗಾದಲ್ಲಿ ಅಫ್ಲಟಾಕ್ಸಿನ್ ಇಳಿಸಿದ್ದು: ನನ್ನ ಅನುಭವ

ಮಲಾವಿಯ ರಾಜಧಾನಿ ಲಿಲಾಂಗ್ವೆಯ ಶೇಂಗಾ ವ್ಯಾಪಾರಿಗಳು ಒಬ್ಬರಾದ ಮೇಲೊಬ್ಬರು ಹೇಳಿದ್ದು ಒಂದೇ ಮಾತು: ಕಾಯಿ ಕೊಂಡರೆ ಮುಳುಗುತ್ತೀರಿ, ಬೀಜ ಕೊಳ್ಳಿ. ನಾವು ಕಾಯಿಯನ್ನೇ ಕೊಂಡೆವು. ಕೆಲವು ಹಂಗಾಮು ಕಳೆದಿವೆ, ಮುಳುಗಿಲ್ಲ. ನಮ್ಮ ಶೇಂಗಾ ಬೆಣ್ಣೆ ಘಟಕದಲ್ಲಿ ಈಗ ಹತ್ತು ಲಾಟಿಗೆ ಎಂಟರಲ್ಲಾದರೂ ಅಫ್ಲಟಾಕ್ಸಿನ್, ಅಂದರೆ ಬೂಷ್ಟಿನ ವಿಷ, 4 ಪಿಪಿಬಿ (ನೂರು ಕೋಟಿ ಪಾಲಿಗೆ ನಾಲ್ಕು ಪಾಲು) ಒಳಗೆ ಬರುತ್ತದೆ, ಅದು ಯುರೋಪಿನ ಮಿತಿಯೊಳಗೆ. ಪೂರ್ವ ಆಫ್ರಿಕಾ ಸಮುದಾಯದ ಮಿತಿ 10. ಮೊದಲೆಲ್ಲ ನಲವತ್ತು, ಅರವತ್ತು ಸಾಮಾನ್ಯವಾಗಿತ್ತು, ಒಂದು ಲಾಟು ನೂರನ್ನೂ ದಾಟಿತ್ತು.

ತೊಂದರೆ ಹೊಲದಲ್ಲಿ ಎಷ್ಟಿತ್ತೋ ಮನೆಯಂಗಳದಲ್ಲೂ ಅಷ್ಟೇ ಇತ್ತು. ಮ್ಚಿಂಜಿ, ಕಸುಂಗು ಜಿಲ್ಲೆಗಳ ಕಡೆ ಸುಲಿಯುವವರು ಹೆಂಗಸರು, ಅದೂ ಕೈಯಲ್ಲೇ. ಅಲ್ಲಿನ ಸಿಜಿ-7 ತಳಿಯ ಶೇಂಗಾ ಮೂಟೆಗಟ್ಟಲೆ ಸುಲಿದರೆ ಬೆರಳ ತುದಿಯ ಚರ್ಮ ಕಿತ್ತು ಬರುತ್ತದೆ. ಹಾಗಾಗಿ ಹಿಂದಿನ ರಾತ್ರಿಯೇ ಕಾಯಿಗೆ ನೀರು ಹಾಕಿ ಸಿಪ್ಪೆ ಮೆತ್ತಗಾಗಿಸುತ್ತಾರೆ. ಬೀಜವನ್ನು ತೂಕಕ್ಕೆ ಕೊಳ್ಳುವವರಿದ್ದಾಗ ಆ ನೀರಿಗೂ ಕಾಸು ಸಿಗುತ್ತದೆ. ಹಸಿ ಬೀಜ ಚೀಲ ಸೇರಿ, ಚೀಲ ಗೋದಾಮು ಸೇರಿ, ವಾರ ಕಳೆಯುವಷ್ಟರಲ್ಲಿ ಮುಗ್ಗಿರುತ್ತದೆ. ಬೀಜ ಒಡೆಯಬಾರದು ಎಂದು ನಮ್ಮ ಕಡೆಯ ಮಿಲ್ಲುಗಳಲ್ಲೂ ನೀರು ಚಿಮುಕಿಸುವುದುಂಟು. ಚಳ್ಳಕೆರೆಯ ಸುತ್ತಮುತ್ತ ಬೆಳೆದವನಾದ್ದರಿಂದ ನನಗೆ ಇದು ಬೇಗ ಕಣ್ಣಿಗೆ ಬಿತ್ತು.

ಅದಕ್ಕೂ ಮುಂಚೆ ದುಡ್ಡು ಸುರಿದದ್ದು ಬೇರೆ ಕಡೆ. ಮರದ ಒಣಗಿಸುವ ಅಟ್ಟಗಳಿಗೆ ಸುಮಾರು ನಾಲ್ಕು ಸಾವಿರ ಡಾಲರ್ ಹೋಯಿತು. ಅಟ್ಟದಲ್ಲಿ ಕಾಯಿ ಚೆನ್ನಾಗಿಯೇ ಒಣಗಿತು, ಆಮೇಲೆ ಸುಲಿಯುವಾಗ ಮತ್ತೆ ನೀರು ಬಿತ್ತು. ಗಾಳಿಯಾಡದ ಪಿಐಸಿಎಸ್ ಚೀಲ ಕೊಟ್ಟೆವು. ಚೀಲ ಒಳ್ಳೆಯದು, ಆದರೆ ತೇವದ ಬೀಜ ತುಂಬಿದರೆ ಅದು ಒಳಗೆ ಒಣಗುವುದಿಲ್ಲ. ತರಬೇತಿ ಶಿಬಿರಗಳಿಗೆ ಜನ ಬಂದರು, ಊಟ ಮಾಡಿದರು, ಒಪ್ಪಿದರು. ಬೆರಳು ನೋಯುವುದು ಹಾಗೇ ಉಳಿದಿತ್ತಲ್ಲ, ನೀರು ಹಾಕುವುದೂ ಉಳಿಯಿತು.

ಕಾಯಿಯನ್ನೇ ಕೊಂಡರೆ ಅವರು ಸುಲಿಯಲು ನೀರು ಹಾಕುವ ಪ್ರಮೇಯವೇ ಇಲ್ಲ. ಅದರ ಕಷ್ಟ ಸಾಗಾಟದ್ದು. ಹತ್ತು ಟನ್ನಿನ ಲಾರಿಯಲ್ಲಿ ಕಾಯಿ ತುಂಬಿದರೆ ಐದು ಟನ್ ಹಿಡಿದರೆ ಹೆಚ್ಚು, ಅದರಲ್ಲೂ ಮೂರನೇ ಒಂದು ಪಾಲು ಸಿಪ್ಪೆ. ಅದಕ್ಕೇ ಸುಲಿಯುವ ಯಂತ್ರವನ್ನೇ ಹಳ್ಳಿಗೆ ಒಯ್ದೆವು. ಕೈಯಲ್ಲಿ ತಿರುಗಿಸುವಂಥದ್ದು, ಅಲ್ಲಿನ ಬೆಸುಗೆಯವರೇ ಮಾಡಿಕೊಟ್ಟದ್ದು, ಒಂದಕ್ಕೆ ನೂರೈವತ್ತು ಡಾಲರಿನ ಆಸುಪಾಸು. ಕಾಯಿ ಅಲ್ಲಾಡಿಸಿ ಸದ್ದು ಕೇಳುತ್ತೇವೆ, ಮೀಟರಿನಲ್ಲಿ ಬೀಜದ ತೇವ ಶೇ. 7-8ರೊಳಗೆ ಇದ್ದರಷ್ಟೇ ತೂಕ, ಅಲ್ಲೇ ಹಣ. ಒಣ ಕಾಯಿ ಸುಲಿದರೆ ಬೀಜ ಬೇಳೆಯಾಗುತ್ತದೆ ಎಂದು ವ್ಯಾಪಾರಿಗಳು ಎಚ್ಚರಿಸಿದ್ದರು. ಆಗುತ್ತದೆ, ನೂರಕ್ಕೆ ಇಪ್ಪತ್ತರಷ್ಟು. ಇಡೀ ಬೀಜ ರಫ್ತು ಮಾಡುವವರಿಗೆ ಅದು ನಷ್ಟ. ಬೆಣ್ಣೆ ಅರೆಯುವ ನಮಗೆ ಬೇಳೆಯಾದರೇನು, ಇಡಿಯಾದರೇನು? ಇಡೀ ಲೆಕ್ಕ ನಿಂತಿರುವುದು ಇದರ ಮೇಲೆ.

ಘಟಕದಲ್ಲಿ ಹದವಾಗಿ ಹುರಿದು, ಮೇಲಿನ ಕೆಂಪು ಹೊಟ್ಟು ಉದುರಿಸಿ, ಮೇಜಿನ ಮೇಲೆ ಹರಡಿ ಆರಿಸುತ್ತೇವೆ. ಹೊಟ್ಟು ಹೋದ ಮೇಲೆ ಕೆಟ್ಟ ಕಾಳು ಕಂದಾಗಿ ಎದ್ದು ಕಾಣುತ್ತದೆ. ಎಷ್ಟು ಬಿಸಿ, ಎಷ್ಟು ಹೊತ್ತು ಎಂಬುದನ್ನು ಇಲ್ಲಿ ಬರೆಯಲಾರೆ, ಅದು ನಮ್ಮ ಹೊಟ್ಟೆಪಾಡು. ಕೂಲಿಯ ವಿಚಾರ ಹೇಳುತ್ತೇನೆ: ದಿನಗೂಲಿಯ ಮೇಲೆ, ಆರಿಸಿ ತೆಗೆದ ಕೆಟ್ಟ ಕಾಳಿನ ತೂಕಕ್ಕೂ ಹಣ. ಒಳ್ಳೆಯ ಕಾಳು ಸೇರಿಸದಂತೆ ಬುಟ್ಟಿಯಿಂದ ಒಂದೊಂದು ಹಿಡಿ ತೆಗೆದು ನೋಡುತ್ತೇವೆ. ಈ ಮೇಜಿನ ಮುಂದೆ ಯಾವ ದುಬಾರಿ ಸಾರ್ಟಿಂಗ್ ಯಂತ್ರವೂ ಬೇಡ.

ಸ್ಯಾಂಪಲ್ ವಿಷಯದಲ್ಲಿ ಕಂಜೂಸಿ ಮಾಡಬೇಡಿ. ಒಂದೇ ಕಾಳಿನಲ್ಲಿ ಹತ್ತಾರು ಸಾವಿರ ಪಿಪಿಬಿ ಇರಬಹುದು, ಹತ್ತು ಸಾವಿರ ಕಾಳಿಗೆ ಅಂಥದ್ದೊಂದು ಇದ್ದರೂ ಲಾಟು ಕೆಡುತ್ತದೆ. ಒಂದು ಹಿಡಿ ತೆಗೆದು ಪರೀಕ್ಷಿಸಿ ಸೊನ್ನೆ ಬಂತು ಎನ್ನುವವರನ್ನು ನಂಬಬೇಡಿ. ನಾವು ಲಾಟಿನ ಉದ್ದಗಲದಿಂದ ಸುಮಾರು 20 ಕೆಜಿ ತೆಗೆದು, ಪೂರ್ತಿ ಅರೆದು, ಅದರಿಂದ ವಿಷ ಅಳೆಯುವ ಪರೀಕ್ಷಾ ಸ್ಟ್ರಿಪ್‌ಗೆ ಹಾಕುತ್ತೇವೆ. ಒಂದು ಪರೀಕ್ಷೆಗೆ ಎಲ್ಲ ಸೇರಿ ಹತ್ತು ಡಾಲರ್ ಹತ್ತಿರ. 2023ರ ನವೆಂಬರಿನಲ್ಲಿ ಮಲಾವಿಯ ಹಣ ಕ್ವಾಚಾವನ್ನು ಶೇ. 44ರಷ್ಟು ಅಪಮೌಲ್ಯ ಮಾಡಿದಾಗ ಸ್ಟ್ರಿಪ್ ಖರ್ಚೇ ನಮ್ಮನ್ನು ಅಲ್ಲಾಡಿಸಿತು. ಆದರೂ ಪರೀಕ್ಷೆ ಬಿಡಲಿಲ್ಲ.

ನಡುವೆ ಹೊಲಕ್ಕೆ ಚೆಲ್ಲುವ ಅಫ್ಲಾಸೇಫ್ ಎಂಬ ಮದ್ದನ್ನೂ ಹಾಕಿ ನೋಡಿದೆವು. ಹೂ ಬಿಡುವ ಎರಡು ಮೂರು ವಾರ ಮುಂಚೆ ಎಕರೆಗೆ 4 ಕೆಜಿ, ವಿಷ ಮಾಡದ ಶಿಲೀಂಧ್ರ ಹತ್ತಿಸಿದ ಜೋಳದ ಕಾಳು. ನೆಲ ಹಸಿಯಾಗಿದ್ದಲ್ಲಿ ಫಲ ಕಂಡಿತು. ಚೆಲ್ಲಿದ ಮೇಲೆ ಮಳೆ ಕೈಕೊಟ್ಟ ಹೊಲಗಳಲ್ಲಿ ಕಾಳು ಒಣಗಿಯೇ ಬಿದ್ದಿತ್ತು. ಮುಂದಿನ ಬಿತ್ತನೆಗೆ ಮತ್ತೆ ಹಾಕುತ್ತೇನೆ, ಈ ಸಲ ಮಳೆ ನೋಡಿಕೊಂಡು. ಸಿಪ್ಪೆಯ ಇಟ್ಟಿಗೆ ಮಾಡಿ ಹುರಿಯುವ ಒಲೆಗೆ ಹಾಕಿದ್ದು ಮಾತ್ರ ಮೊದಲ ದಿನದಿಂದಲೇ ಲಾಭ, ಸೌದೆ ಖರ್ಚು ಅರ್ಧಕ್ಕಿಳಿದಿದೆ.

ಇನ್ನು ಆರಿಸಿ ತೆಗೆದ ಕಾಳು. ಅದನ್ನು ಕೊಳ್ಳಲು ಗೇಟಿನ ಹೊರಗೆ ಜನ ಕಾಯುತ್ತಾರೆ, ಒಳ್ಳೆಯ ಬೀಜದ ಮೂರನೇ ಒಂದು ಬೆಲೆಗೆ. ಕೊಟ್ಟರೆ ಅದು ಸಂತೆಯಲ್ಲಿ ನ್ಸಿಂಜಿರೋ ಎಂಬ ಶೇಂಗಾ ಪುಡಿಯಾಗಿ, ಮಕ್ಕಳ ಸೊಪ್ಪಿನ ಪಲ್ಯಕ್ಕೆ ಬೀಳುತ್ತದೆ. ಆಫ್ರಿಕಾದ ಬಹಳಷ್ಟು ರಫ್ತು ವ್ಯಾಪಾರದಲ್ಲಿ ಶುದ್ಧವಾದದ್ದು ಹಡಗು ಹತ್ತಿ, ಕೆಟ್ಟದ್ದು ಊರಲ್ಲೇ ಉಳಿಯುತ್ತದೆ. ನನ್ನ ಮಟ್ಟಿಗೆ ಅದು ಅನ್ಯಾಯ. 2004ರಲ್ಲಿ ಕೆನ್ಯಾದ ಮಕುವೇನಿ, ಕಿಟುಯಿ ಸುತ್ತಮುತ್ತ ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು 317 ಜನ ಕಾಯಿಲೆ ಬಿದ್ದರು, 125 ಜನ ಸತ್ತರು. ನಮ್ಮಲ್ಲಿ ಆರಿಸಿದ ಕಾಳನ್ನು ಅದೇ ಸಂಜೆ ಸಿಪ್ಪೆಯ ಜೊತೆ ಒಲೆಗೆ ಹಾಕುತ್ತೇವೆ, ತೂಕ ಬರೆದು, ಇಬ್ಬರ ಸಹಿ ತೆಗೆದುಕೊಂಡು. ಹಂಗಾಮಿಗೆ ಎರಡು ಮೂರು ಸಾವಿರ ಡಾಲರಿನ ಮಾಲು ಹೀಗೆ ಹೋಗುತ್ತದೆ. ಅದನ್ನು ಈಗ ಬೆಣ್ಣೆಯ ಬೆಲೆಯಲ್ಲೇ ಸೇರಿಸಿದ್ದೇವೆ, ಡಬ್ಬಿಗೆ ಬಿದ್ದದ್ದು ಕೆಲವೇ ಸೆಂಟು.