ಹಿತ್ತಲ ಕೊಳದ ನೀರು ಹಸಿರಾದರೆ

ಶಿವರಾತ್ರಿಗೆ ಚಳಿ ‘ಶಿವ ಶಿವಾ’ ಅಂತ ಹೊರಟುಹೋಗುತ್ತದೆ ಎನ್ನುವ ಮಾತಿದೆಯಲ್ಲ, ಹಿತ್ತಲಲ್ಲಿ ಮೀನಿನ ಕೊಳ ಇಟ್ಟುಕೊಂಡವರ ಪೇಚಾಟ ಶುರುವಾಗುವುದೂ ಆಗಲೇ. ತಳದ ಕಲ್ಲು ಕಾಣುತ್ತಿದ್ದ ನೀರು ವಾರದೊಳಗೆ ಹಸಿರು ತಿರುಗಿ, ಯುಗಾದಿ ಹೊತ್ತಿಗೆ ಒಳಗೆ ಮೀನು ಇದೆಯೋ ಇಲ್ಲವೋ ತಿಳಿಯದ ಹಾಗಾಗುತ್ತದೆ. ಆಗ ನಮ್ಮ ಬೀದಿಯ ಮಕ್ಕಳೆಲ್ಲ ‘ಅಜ್ಜಿ, ನೀರು ಪೂರ್ತಿ ಖಾಲಿ ಮಾಡಿ ತೊಳೆದುಬಿಡೋದಾ?’ ಅಂತ ಕೇಳಿಕೊಂಡು ಬರುತ್ತಾರೆ. ಬೇಡಪ್ಪಾ, ಅದೊಂದು ಮಾತ್ರ ಮಾಡಬೇಡಿ.

ಏಕೆಂದರೆ ನೀರನ್ನು ಹಸಿರು ಮಾಡುವುದು ಕೊಳೆಯಲ್ಲ, ಬರಿಗಣ್ಣಿಗೆ ಕಾಣದಷ್ಟು ಸಣ್ಣ ಪಾಚಿ. ಒಂದೇ ಕೋಶದ ಜೀವ, ನೀರಿನ ತುಂಬ ತೇಲಿಕೊಂಡಿರುತ್ತದೆ. ಅದಕ್ಕೆ ಬೇಕಾದದ್ದು ಬಿಸಿಲು ಮತ್ತು ಗೊಬ್ಬರ. ಮೀನಿನ ಹಿಕ್ಕೆ, ತಿಂದು ಮಿಕ್ಕ ಆಹಾರ, ತಳದಲ್ಲಿ ಕೊಳೆತ ಎಲೆ, ಇವುಗಳಿಂದ ಬರುವ ಸಾರಜನಕ, ರಂಜಕಗಳೇ ಆ ಗೊಬ್ಬರ. ನೀವು ಕೊಳ ಖಾಲಿ ಮಾಡಿ ಗೋಡೆ ಉಜ್ಜಿದಾಗ ಪಾಚಿಯ ಜೊತೆಗೆ, ಕಲ್ಲಿಗೂ ಗೋಡೆಗೂ ಅಂಟಿಕೊಂಡು ಮೀನಿನ ಹೊಲಸನ್ನು ಅರಗಿಸುತ್ತಿದ್ದ ಒಳ್ಳೆಯ ಬ್ಯಾಕ್ಟೀರಿಯಾವೂ ಹೋಗುತ್ತದೆ. ಉಳಿದಿದ್ದನ್ನು ನಲ್ಲಿ ನೀರಿನ ಕ್ಲೋರಿನ್ ಮುಗಿಸುತ್ತದೆ. ಹೊಲಸು ಅರಗಿಸುವವರಿಲ್ಲ, ತುಂಬಿದ ನೀರಿಗೆ ಒಳ್ಳೆ ಬಿಸಿಲು. ಕೆಲವು ದಿನ ತಿಳಿಯಾಗಿದ್ದು ಆಮೇಲೆ ಮೊದಲಿಗಿಂತ ಗಾಢವಾಗಿ ಹಸಿರಾಗುತ್ತದೆ. ಮೀನುಗಳೂ ನಡುವೆ ನಲುಗುತ್ತವೆ.

ಹಸಿರು ಕಂಡ ಕೂಡಲೇ ಗಾಬರಿ ಬೇಕಿಲ್ಲ. ಕಾಟ್ಲಾ, ರೋಹು ಸಾಕುವ ರೈತರು ಸಗಣಿ ಗೊಬ್ಬರ ಹಾಕಿ ಬೇಕೆಂದೇ ಹೊಂಡದ ನೀರು ಹಸಿರು ಮಾಡಿಕೊಳ್ಳುತ್ತಾರೆ, ಮೀನಿಗೆ ಅದೇ ಮೇವಿಗೆ ಮೂಲ. ಅವರ ಅಳತೆ ನಮಗೂ ಆಗುತ್ತದೆ. ಅಂಗೈ ಮೇಲೆ ಮಾಡಿ ಕೈಯನ್ನು ಮೊಣಕೈವರೆಗೆ ನೀರಿಗಿಳಿಸಿ. ಅಂಗೈ ಮಬ್ಬಾಗಿಯಾದರೂ ಕಂಡರೆ ಮೀನಿಗೆ ಅಪಾಯವಿಲ್ಲ, ಚೆಂದ ಕೆಟ್ಟಿದೆ ಅಷ್ಟೇ. ಮಣಿಕಟ್ಟು ಮುಳುಗುವಷ್ಟರಲ್ಲೇ ಅಂಗೈ ಮಾಯವಾದರೆ ಪಾಚಿ ಮಿತಿಮೀರಿದೆ, ಅವತ್ತೇ ಕೆಲಸಕ್ಕಿಳಿಯಬೇಕು.

ಒಂದು ಗಾಜಿನ ಲೋಟದಲ್ಲಿ ಕೊಳದ ನೀರು ತುಂಬಿ ಕಿಟಕಿಯಲ್ಲಿಟ್ಟು ಮಾರನೆಯ ದಿನ ನೋಡುವುದನ್ನೂ ಮರೆಯಬೇಡಿ. ತಳದಲ್ಲಿ ಕಂದು ಗಸಿ ಕೂತು ಮೇಲೆ ತಿಳಿಯಾಗಿದ್ದರೆ ಅದು ಮಣ್ಣು, ಮೀನು ತಳ ಕೆದಕಿದೆ ಅಥವಾ ಮಳೆಗೆ ಪಾತಿಯ ಮಣ್ಣು ಹರಿದು ಬಂದಿದೆ. ಲೋಟ ಪೂರ್ತಿ ಹಸಿರಾಗಿಯೇ ಉಳಿದರೆ ತೇಲುವ ಪಾಚಿ. ನೀರು ತಿಳಿಯಾಗಿದ್ದು ಕಲ್ಲು, ಗಿಡಗಳಿಗೆ ಕೂದಲಿನಂತಹ ನೂಲು ಪಾಚಿ ಸುತ್ತಿಕೊಂಡಿದ್ದರೆ ಅದಕ್ಕೆ ಬೇರೆ ಉಪಾಯ: ಒರಟು ಕೋಲನ್ನು ಅದ್ದಿ ಶ್ಯಾವಿಗೆ ಸುತ್ತಿದ ಹಾಗೆ ಸುತ್ತಿ ಎಳೆದರೆ ಮುದ್ದೆಮುದ್ದೆಯಾಗಿ ಬರುತ್ತದೆ. ಗೋಡೆಗೆ ತೆಳ್ಳಗೆ ಅಂಟಿದ ಹಾವಸೆಯನ್ನು ಮಾತ್ರ ಕೆರೆಯಬೇಡಿ. ಅದು ನೀರಿನ ಗೊಬ್ಬರವನ್ನು ಹೀರಿ ನಿಮ್ಮ ಕೆಲಸವನ್ನೇ ಮಾಡುತ್ತಿರುತ್ತದೆ.

ಮೊದಲು ಕೈ ಹಾಕಬೇಕಾದದ್ದು ಮೀನಿನ ಆಹಾರದ ಡಬ್ಬಿಗೆ. ಹೆಚ್ಚಿನ ಮನೆಗಳಲ್ಲಿ ರೋಗ ಇರುವುದೇ ಅಲ್ಲಿ. ಬೆಳಿಗ್ಗೆ ಅಜ್ಜ ಹಾಕಿರುತ್ತಾರೆ, ಸ್ಕೂಲಿಂದ ಬಂದ ಮೊಮ್ಮಗಳು ಹಾಕುತ್ತಾಳೆ, ಬಂದ ನೆಂಟರ ಮಕ್ಕಳು ಕಡ್ಲೆಪುರಿ, ಬ್ರೆಡ್ ಚೂರು ಎಸೆಯುತ್ತಾರೆ. ಮೀನು ಬಾಯಿ ತೆರೆದು ಬಂತೆಂದರೆ ಹಸಿದಿದೆ ಎಂದಲ್ಲ, ಅದರ ಸ್ವಭಾವವೇ ಹಾಗೆ. ಮೂರು ನಾಲ್ಕು ನಿಮಿಷದಲ್ಲಿ ತಿಂದು ಮುಗಿಸುವಷ್ಟು, ದಿನಕ್ಕೆ ಒಂದು ಸಲ, ಹೆಚ್ಚೆಂದರೆ ಎರಡು ಸಲ, ಮನೆಯಲ್ಲಿ ಒಬ್ಬರೇ ಹಾಕಬೇಕು. ನೀರು ತೀರಾ ಹಸಿರಾಗಿರುವಾಗ ಎರಡು ಮೂರು ದಿನ ಏನೂ ಹಾಕದಿದ್ದರೂ ಬೆಳೆದ ಗೋಲ್ಡ್‌ಫಿಶ್ಶಿಗೆ ಏನೂ ಆಗುವುದಿಲ್ಲ, ಪಾಚಿ, ಹುಳ ತಿಂದುಕೊಂಡು ಆರಾಮಾಗಿರುತ್ತದೆ. ಕೊಳದಲ್ಲಿ ಮೀನು ಹೆಚ್ಚಾಗಿದ್ದರೆ ಗೊತ್ತಿದ್ದವರ ಕೊಳಕ್ಕೆ ಕೊಡಿ, ಕೆರೆಗೆ ಬಿಡಬೇಡಿ.

ಆಮೇಲೆ ತಳದ ಗಸಿ. ತೋಟಕ್ಕೆ ನೀರು ಬಿಡುವ ಪೈಪಿಗೆ ಪೂರ್ತಿ ನೀರು ತುಂಬಿಸಿ ಎರಡೂ ತುದಿ ಹೆಬ್ಬೆರಳಲ್ಲಿ ಅದುಮಿ ಹಿಡಿಯಿರಿ. ಒಂದು ತುದಿ ಕೊಳದ ತಳಕ್ಕೆ, ಇನ್ನೊಂದು ಕೊಳಕ್ಕಿಂತ ತಗ್ಗಿನಲ್ಲಿರುವ ಬಾಳೆ ಬುಡಕ್ಕೆ. ಬೆರಳು ಬಿಟ್ಟ ಕೂಡಲೇ ಕಪ್ಪು ಗಸಿ ತಾನಾಗಿ ಎಳೆದುಕೊಂಡು ಹೋಗುತ್ತದೆ. ಬಾಳೆ, ತೆಂಗು, ಮಲ್ಲಿಗೆ ಯಾವುದಕ್ಕಾದರೂ ಇದು ಒಳ್ಳೆಯ ಗೊಬ್ಬರದ ನೀರು, ಚರಂಡಿಗೆ ಬಿಡಬೇಡಿ. ವಾರಕ್ಕೊಮ್ಮೆ ಹತ್ತನೇ ಒಂದು ಪಾಲು ನೀರು ಹೀಗೆ ತೆಗೆದರೆ ಸಾಕು, ಒಂದೇ ದಿನ ಕಾಲುಭಾಗಕ್ಕಿಂತ ಹೆಚ್ಚು ಬೇಡ. ಎಷ್ಟಾಗುತ್ತದೆ ಅಂತ ಲೆಕ್ಕ ಹಾಕುವುದು ಸುಲಭ. 6 ಅಡಿ ಉದ್ದ, 5 ಅಡಿ ಅಗಲ, 2 ಅಡಿ ಆಳದ ಕೊಳ ಎಂದರೆ 60 ಘನ ಅಡಿ. ಘನ ಅಡಿಗೆ 28 ಲೀಟರಿನಂತೆ ಸುಮಾರು 1,700 ಲೀಟರ್. ಅದರ ಹತ್ತನೇ ಒಂದು ಪಾಲು 170 ಲೀಟರ್, ಅಂದರೆ ವಾರಕ್ಕೆ ಸುಮಾರು ಹನ್ನೆರಡು ಬಿಂದಿಗೆ ತೆಗೆದು ಹನ್ನೆರಡು ಬಿಂದಿಗೆ ಹಾಕಿದರಾಯಿತು. ಹಾಕುವ ನಲ್ಲಿ ನೀರನ್ನು ಹಿಂದಿನ ದಿನವೇ ಅಗಲ ಬಾಯಿಯ ಡ್ರಮ್ಮಿನಲ್ಲಿ ತುಂಬಿ ಬಿಸಿಲಿಗೆ ತೆರೆದಿಡಿ, ಕ್ಲೋರಿನ್ ಹಾರಿಹೋಗುತ್ತದೆ.

ಇನ್ನು ಬಿಸಿಲು. ಮಧ್ಯಾಹ್ನದ ಬಿಸಿಲು ನೇರವಾಗಿ ಬೀಳುವ ಕೊಳಕ್ಕೆ ಶೇಡ್ ನೆಟ್ ಕಟ್ಟಿದರೆ ತಕ್ಷಣ ಪ್ರಯೋಜನ ಕಾಣುತ್ತದೆ, ಆದರೆ ನನಗೆ ಗಿಡವೇ ಇಷ್ಟ. ನೀರಿನ ಮೇಲ್ಮೈಯ ಅರ್ಧದಿಂದ ಮುಕ್ಕಾಲುಭಾಗದ ಒಳಗೆ ಎಲೆ ಹರಡಿರಬೇಕು. ನೈದಿಲೆಯನ್ನು ಗೊಬ್ಬರ ಬೆರೆಸದ ಜೇಡಿಮಣ್ಣಿನ ಕುಂಡದಲ್ಲಿ ನೆಟ್ಟು, ಮೇಲೆ ಒಂದು ಪದರ ಜಲ್ಲಿ ಹಾಕಿ ಇಳಿಸಿ. ಜಲ್ಲಿ ಹಾಕದಿದ್ದರೆ ಗೋಲ್ಡ್‌ಫಿಶ್ ಮಣ್ಣು ಕೆದಕಿ ನೀರು ಕದಡುತ್ತದೆ. ಬಿಸಿಲು ತಡೆಯುವುದು ಎಲೆಯಾದರೆ, ಗೊಬ್ಬರ ಹೀರುವುದು ಬೇರು. ನೀರಿನ ಮೇಲೆ ತೇಲಿ ಬೆಳೆಯುವ ಅಂತರಗಂಗೆಯ ಬುಡ ಎತ್ತಿ ನೋಡಿ, ದಟ್ಟ ಗಡ್ಡದ ಹಾಗೆ ಇಳಿಬಿದ್ದ ಬೇರಿಗೆ ಕಸರೆಲ್ಲ ಮೆತ್ತಿಕೊಂಡಿರುತ್ತದೆ. ಕೊಳದ ಅಂಚಿಗೆ ಕೆಸು, ಬಜೆ, ಕಾಬಾಳೆ ಇಟ್ಟರೂ ಇದೇ ಲಾಭ. ಒದ್ದೆಯಲ್ಲಿ ಬೇರು ಬಿಟ್ಟು ಸೊಂಪಾಗಿ ಬೆಳೆಯುತ್ತವೆ, ಬೆಳೆದಷ್ಟೂ ಪಾಚಿಯ ಪಾಲು ಕಡಿಮೆಯಾಗುತ್ತದೆ.

ಫಿಲ್ಟರಿಗೆ ದುಡ್ಡು ಸುರಿಯಬೇಕಿಲ್ಲ. ಹಳೆಯ ಪ್ಲಾಸ್ಟಿಕ್ ಡ್ರಮ್ಮೊಂದು ಸಾಕು. ಪಂಪಿನ ನೀರು ಪೈಪಿನಲ್ಲಿ ಇಳಿದು ಡ್ರಮ್ಮಿನ ತಳ ಸೇರಬೇಕು, ಅಲ್ಲಿಂದ ಮೊದಲು ಒರಟು ಪ್ಲಾಸ್ಟಿಕ್ ಬಲೆ, ಅದರ ಮೇಲೆ ಸ್ಪಂಜು, ಅದರ ಮೇಲೆ ಚೆನ್ನಾಗಿ ತೊಳೆದ ಜಲ್ಲಿ, ಇಷ್ಟನ್ನು ದಾಟಿ ಮೇಲೆದ್ದು ಅಂಚಿನಿಂದ ಕೊಳಕ್ಕೆ ಧುಮುಕಬೇಕು. ಜಲ್ಲಿಯಲ್ಲಿ ನಾಲ್ಕು ಬಜೆ ಗಿಡ ನೆಟ್ಟರೆ ಇನ್ನೂ ಒಳ್ಳೆಯದು. ಕೊಳದ ನೀರೆಲ್ಲ ಒಂದೆರಡು ಗಂಟೆಗೆ ಒಂದು ಸುತ್ತು ಬರುವಷ್ಟು ಶಕ್ತಿ ಪಂಪಿಗಿರಲಿ. ನೀರನ್ನು ಎತ್ತರಕ್ಕೆ ಏರಿಸಬೇಕಾದಾಗ ಡಬ್ಬದ ಮೇಲೆ ಬರೆದಷ್ಟು ನೀರು ಬರುವುದಿಲ್ಲ, ಸ್ವಲ್ಪ ದೊಡ್ಡದನ್ನೇ ತೆಗೆದುಕೊಳ್ಳಿ. ಜಲ್ಲಿಯಲ್ಲಿ ಬ್ಯಾಕ್ಟೀರಿಯಾ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಸ್ಪಂಜು ಕಟ್ಟಿಕೊಂಡಾಗ ಕೊಳದಿಂದ ತೆಗೆದ ಒಂದು ಬಕೆಟ್ ನೀರಿನಲ್ಲೇ ಹಿಂಡಿ ಹಾಕಿ, ನಲ್ಲಿ ಕೆಳಗೆ ಹಿಡಿದರೆ ಪಟ್ಟ ಶ್ರಮ ನೀರುಪಾಲು. ಪಂಪಿನ ಲೈನಿಗೆ ಇಎಲ್‌ಸಿಬಿ (ಕರೆಂಟು ಸೋರಿದರೆ ತಾನಾಗಿ ಆರುವ ಸ್ವಿಚ್) ಹಾಕಿಸಿ, ನೀರಿಗೆ ಕೈ ಹಾಕುವ ಮುಂಚೆ ಸ್ವಿಚ್ ಆರಿಸಿ.

ಕರೆಂಟು ಉಳಿಯಲಿ ಅಂತ ರಾತ್ರಿ ಪಂಪು ಆರಿಸುವ ಅಭ್ಯಾಸ ಬಹಳ ಮನೆಗಳಲ್ಲಿದೆ, ಅದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಹಗಲಲ್ಲಿ ಆಮ್ಲಜನಕ ಕೊಡುವ ಇದೇ ಪಾಚಿ ರಾತ್ರಿ ಅದನ್ನು ತಾನೇ ಬಳಸಿಕೊಳ್ಳುತ್ತದೆ. ಬೆಳಗಿನ ಜಾವಕ್ಕೆ ನೀರಿನಲ್ಲಿ ಆಮ್ಲಜನಕ ತೀರಾ ಕಡಿಮೆಯಾಗಿ, ಮೀನುಗಳು ಮೇಲೆ ಬಂದು ಬಾಯಿ ಬಡಿಯುತ್ತಾ ನಿಂತಿರುತ್ತವೆ. ನಾವು ಎದ್ದು ಕಾಫಿ ಕುಡಿದು ಹಿತ್ತಲಿಗೆ ಬರುವಷ್ಟರಲ್ಲಿ ಬಿಸಿಲು ಬಂದು ಎಲ್ಲ ಸರಿಹೋಗಿರುತ್ತದೆ, ಅಥವಾ ದೊಡ್ಡ ಮೀನೊಂದು ಸತ್ತಿರುತ್ತದೆ. 18 ವ್ಯಾಟಿನ ಪಂಪು ಹಗಲೂ ರಾತ್ರಿ ಓಡಿದರೂ ತಿಂಗಳಿಗೆ ಸುಮಾರು 13 ಯೂನಿಟ್ ಅಷ್ಟೇ. ರಾತ್ರಿ ಕರೆಂಟು ಹೋಗುವ ಊರಿನವರು ಬ್ಯಾಟರಿಯ ಗಾಳಿ ಪಂಪು ಇಟ್ಟುಕೊಳ್ಳಿ. ಏನೂ ಇಲ್ಲದಿದ್ದರೆ ಕೊಳದ ನೀರನ್ನೇ ಚೊಂಬಿನಲ್ಲಿ ಮೊಗೆದು ಎತ್ತರದಿಂದ ಹತ್ತಿಪ್ಪತ್ತು ನಿಮಿಷ ಸುರಿಯುತ್ತಿರಿ.

ಔಷಧಿ ಕೇಳುವವರಿಗೆ ಒಂದು ಎಚ್ಚರಿಕೆ. ಮಲೆನಾಡಿನ ಅಡಿಕೆ ತೋಟದವರ ಮನೆಯಲ್ಲಿ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆಂದು ತಂದ ಮೈಲುತುತ್ತ (ತಾಮ್ರದ ಸಲ್ಫೇಟ್) ಇದ್ದೇ ಇರುತ್ತದೆ. ಅದನ್ನು ಕೊಳಕ್ಕೆ ಹಾಕಿದರೆ ಪಾಚಿ ಸಾಯುವುದೇನೋ ನಿಜ, ಆದರೆ ತಾಮ್ರ ಮೀನಿಗೂ ಬಸವನಹುಳುವಿಗೂ ವಿಷ, ಮಲೆನಾಡಿನಂಥ ಮೆದು ನೀರಿನಲ್ಲಿ ಇನ್ನೂ ಹೆಚ್ಚು. ಜೊತೆಗೆ ಒಂದೇ ಸಲಕ್ಕೆ ಸತ್ತ ಪಾಚಿ ಕೊಳೆಯುತ್ತಾ ಇರುವ ಆಮ್ಲಜನಕವನ್ನೂ ಕಬಳಿಸುತ್ತದೆ. ಬ್ಲೀಚಿಂಗ್ ಪೌಡರ್, ಸುಣ್ಣ ಎರಡೂ ಬೇಡ. ಪಟಿಕ ಮಣ್ಣಿನ ನೀರು ತಿಳಿಮಾಡುವುದು ಹೌದು, ಮೀನಿರುವ ಕೊಳದಲ್ಲಿ ಅಂದಾಜಿಗೆ ಹಾಕಿದರೆ ನೀರಿನ ಹುಳಿ ಏರುಪೇರಾಗುತ್ತದೆ. ತಂಪು ದೇಶಗಳಲ್ಲಿ ಬಾರ್ಲಿ ಹುಲ್ಲಿನ ಕಂತೆ ಹಾಕುತ್ತಾರೆಂದು ಇಲ್ಲಿ ಭತ್ತದ ಹುಲ್ಲು ತುಂಬಿಸಬೇಡಿ, ನಮ್ಮ ಬೇಸಿಗೆಗೆ ಬೇಗ ಕೊಳೆತು ಇನ್ನಷ್ಟು ತೊಂದರೆ. ದುಡ್ಡು ಖರ್ಚು ಮಾಡಲೇಬೇಕೆಂದಿದ್ದರೆ ಯುವಿ ದೀಪದ ಫಿಲ್ಟರ್ ತನ್ನಿ. ತೇಲುವ ಪಾಚಿ ಅದರ ಮುಂದೆ ಹಾದುಹೋಗುವಾಗ ಸತ್ತು ಉಂಡೆಗಟ್ಟಿ ಸ್ಪಂಜಿನಲ್ಲಿ ಸಿಕ್ಕಿಕೊಳ್ಳುತ್ತದೆ, ಒಂದೆರಡು ವಾರದಲ್ಲಿ ನೀರು ತಿಳಿಯಾಗುತ್ತದೆ. ನೂಲು ಪಾಚಿಗೆ ಅದು ನಾಟುವುದಿಲ್ಲ. ಆ ಬೆಳಕನ್ನು ಕಣ್ಣಿಟ್ಟು ನೋಡಬಾರದು, ಉರಿಯುತ್ತಿದ್ದರೂ ಬಲ್ಬನ್ನು ವರ್ಷಕ್ಕೊಮ್ಮೆ ಬದಲಿಸಬೇಕು.

ಮುಂಗಾರು ಶುರುವಾಗುವ ಮುಂಚೆ ಕೊಳದ ಸುತ್ತ ಮೂರು ನಾಲ್ಕು ಬೆರಳು ಎತ್ತರದ ಕಟ್ಟೆ ಕಟ್ಟಿಸಿ. ಪಾತಿಗೆ ಹಾಕಿದ ಯೂರಿಯಾ, ಡಿಎಪಿ, ಸಗಣಿ ಗೊಬ್ಬರ ಮೊದಲ ಮಳೆಗೇ ತೊಳೆದು ಬಂದು ಕೊಳಕ್ಕೆ ಬಿದ್ದರೆ ಬೇಸಿಗೆ ಪೂರ್ತಿ ಮಾಡಿದ ಕೆಲಸ ಹಾಳು. ಮಾವು, ಪಾರಿಜಾತದ ಕೆಳಗೆ ಕೊಳ ಇದ್ದವರು ಬಿದ್ದ ಎಲೆ, ಹೂವನ್ನು ದಿನಾ ಜಾಲರಿಯಲ್ಲಿ ತೆಗೆಯಬೇಕು.

ನೀರಿನ ಮೇಲೆ ಹಸಿರು ಬಣ್ಣ ಚೆಲ್ಲಿದ ಹಾಗೆ ದಪ್ಪ ಕೆನೆಗಟ್ಟಿ ಕೆಟ್ಟ ವಾಸನೆ ಬರುತ್ತಿದ್ದರೆ ಅದು ನೀಲಿ-ಹಸಿರು ಪಾಚಿ ಇರಬಹುದು, ಕೆಲವು ಜಾತಿ ವಿಷ ಬಿಡುತ್ತದೆ. ನಾಯಿ, ದನ ಕುಡಿಯದಂತೆ, ಮಕ್ಕಳು ಕೈ ಹಾಕದಂತೆ ನೋಡಿಕೊಳ್ಳಿ, ಆ ನೀರು ಸೊಪ್ಪು ತರಕಾರಿಗೂ ಬೇಡ. ಇನ್ನು ಅಂತರಗಂಗೆ ಮಳೆಗಾಲದಲ್ಲಿ ಹುಚ್ಚಾಪಟ್ಟೆ ಹಬ್ಬುತ್ತದೆ, ವಾರಕ್ಕೊಮ್ಮೆ ಅರ್ಧ ಎತ್ತಿ ಹಾಕಬೇಕಾಗುತ್ತದೆ. ಎತ್ತಿದ್ದನ್ನು ಮೋರಿಗೋ ಊರ ಕೆರೆಗೋ ಎಸೆಯಬೇಡಿ, ಇಂಥ ಕಳೆ ತುಂಬಿ ಉಸಿರು ಕಟ್ಟಿದ ಕೆರೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಎರಡು ದಿನ ಬಿಸಿಲಿಗೆ ಬಾಡಿಸಿ ಗೊಬ್ಬರದ ಗುಂಡಿಗೆ ಹಾಕಿ.