ಕಾಲು ಅಳೆದು ಪ್ರಾಯ ಹೇಳುವುದು: ಹಳೇ ಮರದ ಸಾಮಾನು ಕೊಳ್ಳುವಲ್ಲಿ ನನ್ನ ಅನುಭವ

ಈಗೀಗ ನಮ್ಮ ಕಾಸರಗೋಡು ಕಡೆ ಹಳೇ ಮರದಲ್ಲೇ ಮೋಸ ಜಾಸ್ತಿ. ತಲಪಾಡಿಯಿಂದ ಚೆಂಗಳದವರೆಗೆ ಹೈವೇ ಅಗಲ ಮಾಡ್ಲಿಕ್ಕೆ ಸುರು ಮಾಡಿದ ಮೇಲೆ ರಸ್ತೆ ಬದಿಯ ಹಳೇ ಕಟ್ಟಡ ಎಷ್ಟೋ ಒಡೆದ್ರು, ತೊಲೆ, ಪಕ್ಕಾಸು, ದಾರಂದ ಎಲ್ಲ ಲೋಡುಗಟ್ಟಲೆ ಹೊರಗೆ ಬಂತು, ಆ ಮರದಲ್ಲಿ ಮೊನ್ನೆ ಮೊನ್ನೆ ಮಾಡಿದ ಮಂಚ ಕುರ್ಚಿಯನ್ನು ಅಜ್ಜನ ಕಾಲದ್ದು ಅಂತ ಮಾರುವವರು ಇದ್ದಾರೆ. ಬಣ್ಣ ಹಳತು, ವಾಸನೆ ಹಳತು, ತೂಕ ಸರಿ, ಮೊಳೆ ಸಹ ತುಕ್ಕು ಹಿಡಿದದ್ದೇ. ಕಣ್ಣಲ್ಲಿ ನೋಡಿ ಎಂತ ಗೊತ್ತಾಗ್ತದೆ? ಒಂದು ಜೋಡಿ ಆರಾಮ ಕುರ್ಚಿಗೆ 28 ಸಾವಿರ ಕೊಟ್ಟಿದ್ದೆ, ಪಕ್ಕಾ ಸಾಗುವಾನಿ, ಆದ್ರೆ ಕುರ್ಚಿ ಆಗಿ ಅದಕ್ಕೆ ಎರಡು ವರ್ಷ ಸಹ ಆಗಿರ್ಲಿಲ್ಲ, ಕೊನೆಗೆ ಮರದ ಕ್ರಯಕ್ಕೆ ಹದಿನೈದಕ್ಕೋ ಹದಿನಾರಕ್ಕೋ ಕೊಟ್ಟೆ. ಬೆತ್ತ ಹೆಣೆಸಿದ ಖರ್ಚು ಬೇರೆ.

ಅಲ್ಲಿಂದ ಒಂದೊಂದೇ ಉಪಾಯ ನೋಡ್ತಾ ಬಂದೆ. ಸ್ಕ್ರೂ ನೋಡುವುದು ಎಲ್ಲರಿಗೂ ಗೊತ್ತು, ಪ್ಲಸ್ ತಲೆಯ ಸ್ಕ್ರೂ ಬಂದದ್ದೇ 1930ರ ದಶಕದಲ್ಲಿ, ನಮ್ಮ ಆಚಾರಿಗಳ ಕೈಗೆ ಬಂದದ್ದು ಅದೆಷ್ಟೋ ತಡ. ಆದ್ರೆ ರಿಪೇರಿಯಲ್ಲಿ ಸ್ಕ್ರೂ ಬದಲಾಗ್ತದೆ, ಹಳೇ ಸ್ಕ್ರೂ ಗುಜರಿಯಲ್ಲಿ ಕಿಲೋ ಲೆಕ್ಕದಲ್ಲಿ ಸಿಗ್ತದೆ. ಸ್ಪಿರಿಟ್ ಒಂದು ಹನಿ ಹಾಕಿ ಪಾಲಿಶ್ ಅಂಟಾಗ್ತದಾ ನೋಡುವುದು ಒಳ್ಳೆಯದೇ, ಅರಗಿನ ಪಾಲಿಶ್ ಆದ್ರೆ ಕೂಡ್ಲೆ ಅಂಟ್ತದೆ, ಮೆಲಮೈನ್, ಪಿಯು ಅಂತ ಈಗಿನ ಪಾಲಿಶ್ ಆದ್ರೆ ಎಂತ ಆಗುವುದಿಲ್ಲ. ಆದ್ರೆ ಹೊಸ ಕುರ್ಚಿಗೂ ಅರಗು ಹಚ್ಚಬಹುದಲ್ಲ. ಮರದ ತೇವ ಅಳೆಯುವ ಮಾಯಿಶ್ಚರ್ ಮೀಟರ್ ಸಹ ತೆಗೊಂಡೆ, ಮಳೆಗಾಲದಲ್ಲಿ ಅದು ನೂರು ವರ್ಷದ್ದನ್ನೂ ಹೊಸತನ್ನೂ ಒಂದೇ ತೋರಿಸ್ತದೆ. ಮೂರು ಸಾವಿರ ಚಿಲ್ಲರೆ ದಂಡ.

ಕೊನೆಗೆ ಕೈ ಹಿಡಿದದ್ದು ಕ್ಯಾಲಿಪರ್, ಎರಡು ದವಡೆಯ ನಡುವೆ ಹಿಡಿದು ದಪ್ಪ ಅಳೆಯುವ ಸಾಧನ. ಮರ ಒಣಗಿದಾಗ ಉದ್ದಕ್ಕೆ ಕುಗ್ಗುವುದಿಲ್ಲ ಅಂತಲೇ ಹೇಳ್ಬಹುದು, ಅಡ್ಡಕ್ಕೆ ಕುಗ್ತದೆ, ಅದರಲ್ಲೂ ವರ್ಷದ ಗೆರೆಯ ಜೊತೆಗೆ ಕುಗ್ಗುವುದು ಗೆರೆಗೆ ಅಡ್ಡ ಕುಗ್ಗುವುದಕ್ಕಿಂತ ಸಾಧಾರಣ ಎರಡು ಪಾಲು. ಹಾಗಾಗಿ ಆ ಕಾಲದಲ್ಲಿ ಗುಂಡಗೆ ಕಡೆದ ಕಾಲು ಈಗ ಗುಂಡಗೆ ಇರುವುದಿಲ್ಲ. ಮೂರಿಂಚಿನ ಕಾಲಿಗೆ ಒಂದು, ಒಂದೂವರೆ ಮಿಲ್ಲಿ ವ್ಯತ್ಯಾಸ ಬರ್ತದೆ. ಕ್ಯಾಲಿಪರ್ ಹಿಡಿದು ನಿಧಾನ ತಿರುಗಿಸಿದ್ರೆ ಒಂದು ಕಡೆ ಬಿಗಿ, ಅಲ್ಲಿಂದ ಅರ್ಧದ ಅರ್ಧ ಸುತ್ತು ತಿರುಗಿಸಿದ್ರೆ ಸಡಿಲ. ಮನೆ ಒಡೆದ ತೊಲೆ ಎಷ್ಟೋ ವರ್ಷ ಒಣಗಿದ್ದು, ಅದನ್ನು ಈಗ ಲೇತಿಗೆ ಹಾಕಿ ಕಡೆದ್ರೆ ಗುಂಡಗೇ ಉಳೀತದೆ. ಮರ ಹಳತು, ಕೆಲಸ ಹೊಸತು ಅಂತ ಅಲ್ಲೇ ಸಿಕ್ಕಿಬೀಳ್ತದೆ.

ಇದನ್ನು ಹೇಳಿದಾಗ ನಮ್ಮ ಆಚಾರಿಯೇ "ಕಬ್ಬಿಣ ಹಿಡಿದು ಮರದ ಪ್ರಾಯ ಹೇಳ್ಲಿಕ್ಕಾಗ್ತದಾ ಅಣ್ಣ?" ಅಂದ. ಕುಂಬಳೆ, ಬದಿಯಡ್ಕದ ವ್ಯಾಪಾರದವರೂ ನಂಬ್ಲಿಲ್ಲ. ಉಪ್ಪಳ ಹತ್ತಿರ ಒಂದು ಸಪ್ರಮಂಚ, ಅಂದ್ರೆ ಮೇಲೆ ಚಪ್ಪರ ಇರುವ ದೊಡ್ಡ ಮಂಚ, ಬಂದಿತ್ತು, 85 ಸಾವಿರ ಹೇಳ್ತಿದ್ರು, ಇಬ್ಬರು ಮೂವರು ಅರವತ್ತರವರೆಗೆ ಕೇಳಿಯೂ ಆಗಿತ್ತು. ನಾನು ನಾಲ್ಕು ಕಾಲನ್ನೂ ಅಳೆದೆ. ಒಂದರಲ್ಲಿ ಮಿಲ್ಲಿಗಿಂತ ಮೇಲೆ ವ್ಯತ್ಯಾಸ, ಉಳಿದ ಮೂರು ಬಳೆಯ ಹಾಗೆ ಗುಂಡಗೆ. ಒಂದು ಅಸಲು, ಮೂರು ಹೊಸತು ಅಂತ ಎಲ್ಲರೆದುರೇ ಹೇಳಿದೆ. ಮಾರುವವ ಮಾತಾಡ್ಲಿಲ್ಲ. ಆಮೇಲೆ ಪಾಲಿಶ್ ಮಾಡಿದವನೇ ಒಪ್ಪಿಕೊಂಡ, ಮೂರು ಕಾಲು ಗೆದ್ದಲು ತಿಂದಿತ್ತು, ಹಳೇ ತೊಲೆಯಿಂದ ಕಡೆದು ಹಾಕಿದ್ದು ಅಂತ. 32ಕ್ಕೆ ಕೊಟ್ರು. ಮೂರು ಕಾಲು ಹೊಸತು ಅಂತ ಹೇಳಿಯೇ 50ರ ಹತ್ತಿರ ಮಾರಿದೆ. ಈಗ ಅದೇ ವ್ಯಾಪಾರದವರು ಫೋನ್ ಮಾಡಿ ಕರೀತಾರೆ.

ಕ್ಯಾಲಿಪರ್ ಸೋಲುವ ಜಾಗವೂ ಉಂಟು. ಮರದ ತಿರುಳು ನಡುವಿಗೆ ಬಂದ ಕಾಲು ಸುತ್ತ ಒಂದೇ ಹಾಗೆ ಕುಗ್ತದೆ, ಅದನ್ನು ಲೆಕ್ಕಕ್ಕೆ ಹಿಡೀಬೇಡಿ, ಅಡಿ ನೋಡಿದ್ರೆ ಗೆರೆ ಗೊತ್ತಾಗ್ತದೆ. ಹಸಿ ಅಕೇಶಿಯಾದಲ್ಲಿ ಕಡೆದದ್ದು ಒಂದೇ ಬೇಸಗೆಗೆ ಮೊಟ್ಟೆಯ ಆಕಾರ ಆಗ್ತದೆ, ಆದ್ರೆ ಅದರ ತುದಿ ಸೀಳಿರ್ತದೆ, ಜಾಯಿಂಟ್ ಅಲ್ಲಾಡ್ತದೆ. ಗುಂಡು ಟೀಪಾಯಿ ಆದ್ರೆ ಹಲಗೆಯ ಉದ್ದಕ್ಕೆ ಒಂದು ಸಲ, ಅಡ್ಡಕ್ಕೆ ಒಂದು ಸಲ ಅಳೀರಿ, ಆದ್ರೆ ಆಟಿಯಲ್ಲಿ, ಅಂದ್ರೆ ಜೋರು ಮಳೆಯ ತಿಂಗಳಲ್ಲಿ, ಇದನ್ನು ಮಾಡ್ಲೇಬೇಡಿ. ನಮ್ಮನೆಯ ಎರಡೂವರೆ ಅಡಿ ಅಗಲದ ಮೇಜನ್ನು ಆಟಿಯಲ್ಲೂ ಮಾರ್ಚ್‌ನಲ್ಲೂ ಅಳೆದು ನೋಡಿದೆ, ಮೂರ್ನಾಲ್ಕು ಮಿಲ್ಲಿ ಹಿಗ್ಗಿ ಕುಗ್ತದೆ.

ಕಾಲು ಚೌಕ ಇದ್ರೆ ಮೊಳೆಗೆ ಹೋಗ್ತೇನೆ. ಸಾಗುವಾನಿ, ಹಲಸಿನಲ್ಲಿ ಕಬ್ಬಿಣದ ಮೊಳೆ ಸುತ್ತ ಮರ ಕಪ್ಪಾಗ್ತದೆ, ಮರದ ಒಗರಿಗೂ ಕಬ್ಬಿಣಕ್ಕೂ ಆಗುವ ಕೆಲಸ ಅದು. ವಿನೆಗರ್‌ನಲ್ಲಿ ಮೊಳೆ ನೆನೆಸಿ ಹೊಡೆದು ನೋಡಿದೆ, ಎರಡೇ ದಿನದಲ್ಲಿ ಮೇಲೆ ಚಂದದ ಕಪ್ಪು ವೃತ್ತ ಬಂತು, ಸೀಳಿದ್ರೆ ಒಳಗೆ ಅಕ್ಕಿಕಾಳಿನಷ್ಟು ಸಹ ಇಳಿದಿರ್ಲಿಲ್ಲ. ಹಳತರಲ್ಲಿ ಆ ಕಪ್ಪು ನಾರಿನ ಜೊತೆಗೆ ಉದ್ದಕ್ಕೆ ಓಡಿರ್ತದೆ. ಹಿಂದಿನ ಹಲಗೆ ಬಿಚ್ಚಿ ಒಂದು ಮೊಳೆ ಕಿತ್ತರೆ ಸಾಕು. ಪತ್ತಾಯಕ್ಕೆ (ಭತ್ತ ತುಂಬಿಸಿಡುವ ಮರದ ಪೆಟ್ಟಿಗೆ) ಇನ್ನೊಂದು ಉಪಾಯ ಉಂಟು, ಮುಚ್ಚಳದ ಒಳಮೂಲೆಯಲ್ಲಿ ನೋಡುವಂಥದ್ದು, ಅದನ್ನು ಬರೆಯುವುದಿಲ್ಲ, ನನ್ನ ಹೊಟ್ಟೆಪಾಡು.

ಕ್ರಯ ಕಟ್ಟುವಾಗ ಮೊದಲು ಮರ ಎಷ್ಟು ಸಿಎಫ್‌ಟಿ (ಘನ ಅಡಿ) ನೋಡ್ತೇನೆ. ಸಪ್ರಮಂಚದಲ್ಲಿ ಸಾಧಾರಣ ಆರೇಳು ಸಿಎಫ್‌ಟಿ, ಹಳೇ ಸಾಗುವಾನಿ ನಾನು ಎರಡೂವರೆ ಸಾವಿರದ ಲೆಕ್ಕದಲ್ಲಿ ಹಿಡೀತೇನೆ, ಅದು ತಳದ ರೇಟು, ಅದಕ್ಕಿಂತ ಕೆಳಗೆ ಸಿಕ್ಕಿದ್ರೆ ಪ್ರಾಯ ಕೇಳುವುದೇ ಬೇಡ. ಕೆಲಸ ಅಸಲು ಅಂತ ಆದ್ರೆ ಅದರ ಎರಡೂವರೆ ಮೂರು ಪಾಲಿನವರೆಗೆ ಹೋಗ್ತೇನೆ, ಆಚಾರಿ ಕೂಲಿ, ಬೆತ್ತ, ಪಿಕಪ್ ಬಾಡಿಗೆ ಕಳೆದು. ಬೀಟೆ ಅಂದ್ರೆ ಅಡಿಕೆ ತೂಗುವ ತಕ್ಕಡಿಗೆ ಹಾಕ್ತೇನೆ, ಸಿಎಫ್‌ಟಿಗೆ 24 ಕಿಲೋ ಆಸುಪಾಸು ಬರ್ಬೇಕು, ಸಾಗುವಾನಿ 18. ಹದಿನೆಂಟು ಬಂದ್ರೆ ಅದು ಬಣ್ಣ. ಗಲ್ಫಿಗೆ ಕೊಂಡೋಗುವ ಗಿರಾಕಿಯನ್ನು ನಂಬಿ ದೊಡ್ಡ ಬೀಟೆ ಸಾಮಾನಿಗೆ ಹಣ ಹಾಕ್ಬೇಡಿ, 2017ರಿಂದ ಅದು ಸೈಟಿಸ್ (ಅಪಾಯದಲ್ಲಿರುವ ಗಿಡ, ಪ್ರಾಣಿಗಳ ವಿದೇಶ ವ್ಯಾಪಾರದ ಒಪ್ಪಂದ) ಪಟ್ಟಿಯಲ್ಲಿದೆ, ಕಾಗದಪತ್ರ ಆಗುವಷ್ಟರಲ್ಲಿ ಗಿರಾಕಿ ರಜೆ ಮುಗಿಸಿ ಹೋಗಿರ್ತಾನೆ.

ಕ್ಯಾಲಿಪರ್ ಪ್ಲಾಸ್ಟಿಕ್‌ದು ತೆಗೋಬೇಡಿ, ದವಡೆ ಬಾಗಿ ಅರ್ಧ ಮಿಲ್ಲಿ ಅಲ್ಲೇ ಹೋಗ್ತದೆ, ಸ್ಟೀಲಿನದ್ದು, ಆರಿಂಚಿನದ್ದು ಸಾಕು.