ಬೂಸ್ಟ್ ತಳ್ಳುತ್ತದೆ, ವೇಗ ಎಳೆಯುತ್ತದೆ

ಟರ್ಬೊ ಎಂಜಿನ್ ಕೆಟ್ಟರೆ ಎಲ್ಲರೂ ದೂರುವುದು ಬೂಸ್ಟನ್ನೇ, ಅಂದರೆ ಟರ್ಬೊ ಸಿಲಿಂಡರಿಗೆ ಒತ್ತಿ ತುಂಬುವ ಗಾಳಿಯ ಹೆಚ್ಚುವರಿ ಒತ್ತಡವನ್ನೇ. ಅದು ಅರ್ಧ ನಿಜ. ಎಂಜಿನ್ ಒಳಗೆ ಎರಡು ಬಗೆಯ ಭಾರಗಳಿವೆ: ಬೂಸ್ಟ್ ತರುವ ಒತ್ತು, ಎಂಜಿನ್ ತಿರುಗುವ ವೇಗ ತರುವ ಎಳೆತ. ಕ್ಯಾಲ್ಕುಲೇಟರ್ ಹಿಡಿದು ಒಂದೊಂದಾಗಿ ಲೆಕ್ಕ ಹಾಕೋಣ.

ಮೊದಲು ಬೂಸ್ಟ್. ಸಿಲಿಂಡರ್ ವ್ಯಾಸ 86 ಮಿ.ಮೀ. ಎನ್ನಿ, ಪಿಸ್ಟನ್ ತಲೆಯ ವಿಸ್ತೀರ್ಣ ಸುಮಾರು 58 ಚದರ ಸೆಂ.ಮೀ. ಇಂಧನ ಉರಿದಾಗ ಒತ್ತಡ 60 ಬಾರ್‌ಗೆ (ವಾತಾವರಣದ ಒತ್ತಡದ ಸುಮಾರು 60 ಪಟ್ಟು) ಏರಿದರೆ ಪಿಸ್ಟನ್ ಮೇಲೆ ಮೂರೂವರೆ ಟನ್ ಕುಳಿತಂತೆ. ಟರ್ಬೊ ಹೆಚ್ಚು ಗಾಳಿ ತುಂಬಿ ಅದು 100 ಬಾರ್ ಆದರೆ ಹೆಚ್ಚುಕಡಿಮೆ ಆರು ಟನ್. ಹೆದರಬೇಡಿ, ಇದು ಪಿಸ್ಟನ್ನನ್ನು ತಿರುಗುವ ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡನ್ನು ಅಮುಕುವ ಬಲ. ಸರಿಯಾಗಿ ರೂಪಿಸಿದ ರಾಡ್ ಅದನ್ನು ತಾಳಿಕೊಳ್ಳುತ್ತದೆ. ಬೂಸ್ಟ್ ಜೊತೆಗೆ ಬರುವ ಶಾಖವೇ ಹೆಚ್ಚು ಕಾಡುವುದು.

ಇನ್ನು ವೇಗ. ಪಿಸ್ಟನ್, ಪಿನ್ನು, ರಾಡಿನ ಮೇಲ್ಭಾಗ ಸೇರಿ ಅರ್ಧ ಕಿಲೋ, ಸ್ಟ್ರೋಕ್ (ಪಿಸ್ಟನ್ ಮೇಲಿಂದ ಕೆಳಕ್ಕೆ ಓಡುವ ದೂರ) 86 ಮಿ.ಮೀ. ಇರಲಿ. 6000 ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ತಿರುಗುವ ಸುತ್ತು) ಎಂದರೆ ಸೆಕೆಂಡಿಗೆ ನೂರು ಸುತ್ತು. ಪ್ರತಿ ಸುತ್ತಿನಲ್ಲೂ ಮೇಲಕ್ಕೆ ಹಾರಿದ ಪಿಸ್ಟನ್ನನ್ನು ತಡೆದು ಕೆಳಗೆ ಎಳೆಯಲು ಬೇಕಾದ ಬಲ ಸುಮಾರು 1.1 ಟನ್. ಅರ್ಧ ಕಿಲೋಗೆ! ಈ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ: 3000ದಲ್ಲಿ ಕಾಲು ಭಾಗ, 7000ದಲ್ಲಿ ಒಂದೂವರೆ ಟನ್. ಹೊಗೆಯನ್ನು ಹೊರತಳ್ಳಲು ಪಿಸ್ಟನ್ ಮೇಲೇರುವ ಓಟದ ಕೊನೆಯಲ್ಲಿ ಪಿಸ್ಟನ್ನನ್ನು ಎದುರಿನಿಂದ ಒತ್ತುವ ಅನಿಲ ಇರುವುದಿಲ್ಲವಾದ್ದರಿಂದ ಇಡೀ ಎಳೆತ ರಾಡಿನ ಬೋಲ್ಟುಗಳ ಮೇಲೆ ಬೀಳುತ್ತದೆ. ಬೋಲ್ಟು ತುಂಡಾದರೆ ರಾಡ್ ಎಂಜಿನ್ ಬ್ಲಾಕನ್ನೇ ತೂತು ಮಾಡಿಕೊಂಡು ಹೊರಬರಬಹುದು.

ಹಾಗೆಂದು ಕಡಿಮೆ ಆರ್‌ಪಿಎಂನಲ್ಲಿ ಮೇಲಿನ ಗೇರ್ ಹಾಕಿ ಆಕ್ಸಿಲರೇಟರನ್ನು ಪೂರ್ತಿ ಒತ್ತುವುದು ಜಾಣತನವಲ್ಲ. 1500ರ ಆಸುಪಾಸಿನಲ್ಲಿ ಪೂರ್ತಿ ಬೂಸ್ಟ್ ಬಂದರೆ, ಬಿಸಿ ಮಿಶ್ರಣಕ್ಕೆ ಸಿಲಿಂಡರಿನಲ್ಲಿ ಹೆಚ್ಚು ಸಮಯ ಸಿಗುತ್ತದೆ; ಕಿಡಿಗೆ ಮುನ್ನವೇ ಅದು ಹೊತ್ತಿಕೊಳ್ಳಬಹುದು. ನೇರ ಇಂಜೆಕ್ಷನ್ನಿನ (ಇಂಧನವನ್ನು ನೇರ ಸಿಲಿಂಡರಿಗೇ ಚಿಮ್ಮಿಸುವ) ಪೆಟ್ರೋಲ್ ಟರ್ಬೊಗಳಲ್ಲಿ ಪಿಸ್ಟನ್ ಬಿರುಕು ಬಿಡಲು ಇದೂ ಒಂದು ಕಾರಣ. ಬೇರಿಂಗಿನ ಎಣ್ಣೆಪದರವೂ ಆಗ ತೆಳುವಾಗಿರುತ್ತದೆ. ಏರು ಹತ್ತುವಾಗ ಒಂದು ಗೇರ್ ಇಳಿಸಿ, 2500 ದಾಟಲು ಬಿಡಿ, ಆಮೇಲೆ ಒತ್ತಿ. ಎಣ್ಣೆ ಬಿಸಿಯಾಗುವ ತನಕ ಅದನ್ನೂ ಮಾಡಬೇಡಿ.

ಗೇರ್ ಇಳಿಸುವಾಗ ಮಾತ್ರ ಕೈ ನಿಖರವಾಗಿರಬೇಕು. ನಾನೊಮ್ಮೆ ಐದರಿಂದ ನಾಲ್ಕಕ್ಕೆ ಬರಲು ಹೋಗಿ ಎರಡಕ್ಕೆ ಹಾಕಿ ಕ್ಲಚ್ ಬಿಟ್ಟಿದ್ದೇನೆ; ಆರ್‌ಪಿಎಂ ಮುಳ್ಳು ಕೆಂಪು ಗೆರೆ ದಾಟಿ ಹಾರಿತು. ಎಂಜಿನ್ ಮಿತಿಮೀರಿ ತಿರುಗದಂತೆ ತಡೆಯುವ ಸಾಧನ ಇಂಧನವನ್ನಷ್ಟೇ ನಿಲ್ಲಿಸಬಲ್ಲದು. ಆ ಹೊತ್ತಿನಲ್ಲಿ ಎಂಜಿನ್ನನ್ನು ತಿರುಗಿಸುತ್ತಿದ್ದುದು ಇಂಧನವಲ್ಲ, ಚಕ್ರಗಳು.